ಶಾಲೆಗೆ ನೂರಕ್ಕೆ ಅರವತ್ತೊಂದೂವರೆ

ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಸರ್ವಿಸ್ ಸವೆಸಿ ನಿವೃತ್ತರಾದವರು ಯಾವುದನ್ನೂ ಸುಮ್ಮನೆ ನೋಡಲಾರರು. ಮದುವೆ ಮನೆಯಲ್ಲಿ ನಾನು ಊಟಕ್ಕೆ ಕೂರುವ ಮೊದಲು ಪಂಕ್ತಿ ಎಣಿಸುತ್ತೇನೆ. ಹೋಳಿಗೆ ಎರಡನೇ ಸಲ ಬಂತೋ ಇಲ್ಲವೋ ಎಂದು ಮನಸ್ಸಿನಲ್ಲೇ ಟಿಕ್ ಹಾಕುತ್ತೇನೆ. ಹುಂಡಿಯ ಎರಡು ಬೀಗದ ಕೈಗಳೂ ಒಬ್ಬರ ಹತ್ತಿರವೇ ಇವೆಯೇನ್ರೀ ಎಂದು ಅರ್ಚಕರನ್ನು ವಿಚಾರಿಸಿದ್ದಕ್ಕೆ, ಆವತ್ತು ಮಂಗಳಾರತಿ ತಟ್ಟೆ ನನ್ನ ಮುಂದೆ ನಿಲ್ಲದೆ ಹೋಯಿತು. ಮನೆಯಾಕೆ ಇದಕ್ಕೆ ‘ಇನ್‌ಸ್ಪೆಕ್ಷನ್ ರೋಗ’ ಎಂದು ಹೆಸರಿಟ್ಟು, ಬಿಪಿ, ಶುಗರ್ ಆದಮೇಲೆ ಮೂರನೆಯದಾಗಿ ಡಾಕ್ಟರಿಗೆ ಹೇಳುತ್ತಾಳೆ.

ನಮ್ಮದು ಬಳ್ಳಾರಿ. ಓಣಿಯಲ್ಲಿ ಆಟೋ ಓಡಿಸುವವರು, ಜೀನ್ಸ್ ಹೊಲಿಯುವವರು, ಸಂಜೆ ಒಗ್ಗರಣೆ-ಮಿರ್ಚಿ ಬಂಡಿ ಇಡುವವರು ಇದ್ದಾರೆ. 2024ರ ಬೇಸಿಗೆ ಹತ್ತಿರ ಬರುತ್ತಿದ್ದ ಹಾಗೆ ಅವರಿಗೆಲ್ಲ ಒಂದೇ ಚಿಂತೆ: ಮಕ್ಕಳನ್ನು ಪಕ್ಕದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲೇ ಬಿಡಬೇಕೋ, ಸಾಲ ಮಾಡಿಯಾದರೂ ವ್ಯಾನ್ ಬರುವ ಶಾಲೆಗೆ ಹಾಕಬೇಕೋ? ಆಟೋದವನು ಒಂದು ಸಂಜೆ ಗಾಡಿ ಒರೆಸುತ್ತ, “ಸಾರ್, ನೀವು ಲೆಕ್ಕ ಗೊತ್ತಿರೋರು. ಆ ಶಾಲಿ ಹೆಂಗೈತಿ ಸ್ವಲ್ಪ ನೋಡಿ ಹೇಳ್ರಿ” ಎಂದ. ಅವನು ಮಾತಿಗೆ ಅಂದದ್ದು. ನಾನು ಅದನ್ನು ಆಯೋಗದ ನೇಮಕಾತಿ ಆದೇಶ ಎಂದು ತಿಳಿದುಕೊಂಡೆ.

ಮೊದಲು ದಾಖಲೆ, ಆಮೇಲೆ ಸ್ಥಳ ಪರಿಶೀಲನೆ. ಇದು ನಮ್ಮ ವಿಭಾಗದ ಪದ್ಧತಿ. ಓಣಿಯ ಮಕ್ಕಳ ಪ್ರಗತಿಪತ್ರಗಳನ್ನೆಲ್ಲ ತರಿಸಿಕೊಂಡೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ. ಮಕ್ಕಳ ಬಾಯಲ್ಲಿ ಎಫ್‌ಎ ಮತ್ತು ಎಸ್‌ಎ. 90 ದಾಟಿದರೆ ಎ ಪ್ಲಸ್, 70 ದಾಟಿದರೆ ಎ, 50 ದಾಟಿದರೆ ಬಿ ಪ್ಲಸ್. ನೋಡುತ್ತ ಹೋದೆ. ಎ, ಎ ಪ್ಲಸ್, ಎ, ಎ ಪ್ಲಸ್. ನಮ್ಮ ಓಣಿಯಲ್ಲಿ ಇಷ್ಟೊಂದು ಮೇಧಾವಿಗಳಿದ್ದೂ ಚರಂಡಿ ಯಾಕೆ ಹೀಗೆ ತುಂಬಿ ಹರಿಯುತ್ತಿದೆ ಎಂದು ಒಂದು ಗಳಿಗೆ ಅನುಮಾನ ಬಂತು. ಗಣಿತದಲ್ಲಿ ಎ ಪ್ಲಸ್ ಪಡೆದ ಹುಡುಗನನ್ನು ಹಾಲಿನ ಪಾಕೀಟಿಗೆ ಕಳಿಸಿದೆ. ತಂದ ಚಿಲ್ಲರೆ ಎಷ್ಟಿರಬೇಕು ಎಂದರೆ ಅಂಗಡಿಯವನನ್ನೇ ಕೇಳಿ ಬರಲು ಓಡಿದ. ಮಿರ್ಚಿ ಬಂಡಿಯವರ ಮಗಳಿಗೆ ಗಣಿತದಲ್ಲಿ ಬರೀ ಬಿ ಪ್ಲಸ್. ಅವಳು ಮೂರು ಪ್ಲೇಟ್ ಒಗ್ಗರಣೆ, ಐದು ಮಿರ್ಚಿ, ಒಂದು ಪಾರ್ಸಲ್ ಎಂದು ನಾನು ಹೇಳಿ ಮುಗಿಸುವುದರೊಳಗೆ ಇನ್ನೂರರ ನೋಟಿಗೆ ಬಾಕಿ ಎಣಿಸಿ ಕೈಗಿಟ್ಟಳು. ನಾನು ಮನೆಗೆ ಬಂದು ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ನೋಡಿದೆ. ಸರಿ ಇತ್ತು.

ಶಾಲೆಯೇ ತನ್ನ ಮಕ್ಕಳಿಗೆ ಕೊಟ್ಟುಕೊಂಡ ಅಂಕವನ್ನು ನಂಬಿದರೆ ಅದು ಆಡಿಟ್ ಹೇಗಾದೀತು? ಹೊರಗಿನ ಸಾಕ್ಷ್ಯ ಬೇಕು. ಹುಡುಕಿದೆ. ‘ಅಸರ್’ ಎಂಬ ಸಮೀಕ್ಷೆ ಇದೆ. ಪ್ರಥಮ್ ಸಂಸ್ಥೆಯವರು 2005ರಿಂದ ನಡೆಸಿಕೊಂಡು ಬಂದದ್ದು. ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸಿ, ಲೆಕ್ಕ ಮಾಡಿಸಿ ನೋಡುತ್ತಾರೆ. ಆದರೆ ಅದು ಹಳ್ಳಿಗಳದ್ದು, ಅದರಲ್ಲಿ ಶಾಲೆಯ ಹೆಸರೇ ಇರುವುದಿಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಧನಾ ಸಮೀಕ್ಷೆ 2021ರ ನವೆಂಬರ್ 12ರಂದು ನಡೆದಿತ್ತು. ಅದೂ ಜಿಲ್ಲೆಯ ಲೆಕ್ಕ ಹೇಳುತ್ತದೆ, ನಮ್ಮ ಓಣಿಯ ಪಕ್ಕದ ಶಾಲೆಯದಲ್ಲ. ಉಳಿದದ್ದು ಯು-ಡೈಸ್, ಶಾಲೆಗಳ ಸರ್ಕಾರಿ ಮಾಹಿತಿ ಕೋಶ. ದೇಶದ ಪ್ರತಿ ಶಾಲೆಗೂ 11 ಅಂಕಿಯ ಸಂಖ್ಯೆ, ನಮ್ಮ ರಾಜ್ಯದ್ದು 29ರಿಂದ ಶುರು. ಅಲ್ಲಿ ಶಾಲೆಯದೊಂದು ವರದಿ ಸಿಕ್ಕಿತು. ಕೊಠಡಿ ಎಷ್ಟು, ಶೌಚಾಲಯ ಎಷ್ಟು, ಕಾಂಪೌಂಡ್ ಇದೆಯೇ, ಇಳಿಜಾರು ಹಾದಿ ಇದೆಯೇ, ಶಿಕ್ಷಕರು ಎಷ್ಟು, ಎಲ್ಲಕ್ಕೂ ಕಾಲಂ ಇತ್ತು. ಮಕ್ಕಳಿಗೆ ಓದಲು ಬರುತ್ತದೆಯೇ ಎಂಬುದಕ್ಕೆ ಮಾತ್ರ ಇರಲಿಲ್ಲ. ನಲ್ಲಿಗೆ ಇರುವ ಕಾಲಂ ನಾಲಿಗೆಗೆ ಇಲ್ಲವಲ್ಲ ಎಂದು ಒಂದು ಪ್ರಾಸ ಹೊಳೆದು, ಅದನ್ನು ವರದಿಯ ಮುನ್ನುಡಿಗೆ ಬರೆದಿಟ್ಟುಕೊಂಡೆ. ಮನೆಯಾಕೆ ಓದಿ, “ಇದನ್ನ ಮೊದಲು ತೆಗೀರಿ” ಎಂದಳು.

ಆಗ ನೆನಪಾದದ್ದು ಐದನೇ ತರಗತಿಯ ಬೋರ್ಡ್ ಪರೀಕ್ಷೆ. ಆ ವರ್ಷ ಐದು, ಎಂಟು, ಒಂಬತ್ತನೇ ತರಗತಿಗೆ ಬೋರ್ಡಿನವರದೇ ಪ್ರಶ್ನೆಪತ್ರಿಕೆ. ಇದಕ್ಕಿಂತ ಒಳ್ಳೆಯ ಹೊರಗಿನ ಸಾಕ್ಷಿ ಯಾವುದು? “ಸ್ವಲ್ಪ ತಡೀರಿ, ರಿಸಲ್ಟ್ ಬರಲಿ, ಶಾಲೆಯ ಜಾತಕ ಬಿಚ್ಚಿಡ್ತೀನಿ” ಎಂದು ಓಣಿಗೆ ಸಾರಿದೆ. ಮಾರ್ಚ್ 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಪರೀಕ್ಷೆಯನ್ನೇ ರದ್ದು ಮಾಡಿತು. ಪರೀಕ್ಷೆ ಇಲ್ಲ ಎಂದು ಹೇಳಿಬಂದೆ. ಮಾರನೇ ದಿನ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. ಪರೀಕ್ಷೆ ಇದೆ ಎಂದು ಹೇಳಿಬಂದೆ. 11ಕ್ಕೆ ಪರೀಕ್ಷೆ ಶುರು, 12ಕ್ಕೆ ವಿಭಾಗೀಯ ಪೀಠದ ಆ ತಡೆಯನ್ನೇ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಇಲ್ಲ ಎಂದು ಹೇಳಿಬಂದೆ. 22ಕ್ಕೆ ಹೈಕೋರ್ಟ್ ಮತ್ತೆ ನಡೆಸಿ ಎಂದಿತು, 25ರಿಂದ ಉಳಿದ ಪತ್ರಿಕೆ. ಇದೆ ಎಂದು ಹೇಳಲು ಹೊರಟಾಗ ಆಟೋದವನ ಹೆಂಡತಿ ನನ್ನನ್ನು ದೂರದಿಂದಲೇ ನೋಡಿ ಬಾಗಿಲು ಮುಂದೆ ಮಾಡಿದಳು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೂ ತಡೆ ಹಾಕಿತು. ಆ ಸುದ್ದಿಯನ್ನು ನಾನು ಯಾರಿಗೂ ಹೇಳಲಿಲ್ಲ. ಹಾಗೆ ನೋಡಿದರೆ ಆ ಪರೀಕ್ಷೆಯಲ್ಲಿ ನಿಜವಾಗಿ ಪಳಗಿದವರು ಮಕ್ಕಳು. ಹತ್ತು ವರ್ಷದ ಹುಡುಗ “ಸ್ಟೇ ತೆರವಾಯ್ತಾ ಅಜ್ಜಾ?” ಎಂದು ಕೇಳುವಷ್ಟು ಕಾನೂನು ಕಲಿತಿದ್ದ.

ಇನ್ನು ಯಾರನ್ನೂ ನೆಚ್ಚಿ ಫಲವಿಲ್ಲ, ನಾನೇ ಅಳೆಯಬೇಕು. ರಾತ್ರಿ ಕೂತು ನೂರು ಅಂಕದ ನಮೂನೆ ತಯಾರಿಸಿದೆ. ಓದು 20, ಲೆಕ್ಕ 20, ಹಾಜರಾತಿ 10, ಶಿಕ್ಷಕ-ವಿದ್ಯಾರ್ಥಿ ಅನುಪಾತ 10, ಶಿಸ್ತು 5. ಹೀಗೆ ಹೋಗಿ ಹೋಗಿ ಗಂಟೆಯ ನಾದಕ್ಕೂ ಅರ್ಧ ಅಂಕ ಇಟ್ಟಿದ್ದೆ. ಒಂದೇ ಶಾಲೆ ನೋಡಿ ಅಂಕ ಕೊಡುವುದು ಶಾಸ್ತ್ರಸಮ್ಮತವಲ್ಲ, ಹೋಲಿಕೆಗೆ ಸ್ಯಾಂಪಲ್ ಬೇಕು. ಕುರುಗೋಡಿನಲ್ಲಿ ನನ್ನ ತಂಗಿ ಇದ್ದಾಳೆ, ಸಿರುಗುಪ್ಪ ನನ್ನ ಹೆಂಡತಿಯ ತವರು. ಎರಡೂ ಕಡೆ ಊಟದ ಖರ್ಚಿಲ್ಲ. ವಿಜ್ಞಾನದಲ್ಲಿ ಸ್ಯಾಂಪಲ್ ಆರಿಸುವ ವಿಧಾನ ಬೇರೆ ಇರಬಹುದು.

ಜೂನ್ ತಿಂಗಳಲ್ಲಿ, ಶಾಲೆ ಶುರುವಾಗಿ ಧೂಳು ಸ್ವಲ್ಪ ಅಡಗಿದ ಮೇಲೆ, ಮೊದಲು ನಮ್ಮ ಪಕ್ಕದ ಶಾಲೆಗೇ ಹೋದೆ. ಇಸ್ತ್ರಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಕಂಕುಳಲ್ಲಿ ಫೈಲು. ಗೇಟು ದಾಟುತ್ತಲೇ ಅಡುಗೆಯವ್ವ ನನ್ನನ್ನು ನೋಡಿ ಒಳಗೆ ಓಡಿದಳು. ನಾನು ನೆಟ್ಟಗೆ ಮೊದಲ ಕೋಣೆಗೆ ನುಗ್ಗಿ, “ಇದು ಎಷ್ಟನೇ ಕ್ಲಾಸು?” ಎಂದೆ. ಟೀಚರು “ಒಂದು, ಎರಡು, ಮೂರು ಸರ್” ಎಂದರು. ಎಣಿಸಲು ಹೇಳಿಲ್ಲ, ಯಾವ ಕ್ಲಾಸು ಎಂದು ಕೇಳಿದ್ದು ಎಂದೆ. ಅವರು ತಾಳ್ಮೆಯಿಂದ, “ನಲಿ-ಕಲಿ ಸರ್. ಮೂರೂ ಒಟ್ಟಿಗೇ” ಎಂದರು.

ನಲಿ-ಕಲಿಯ ಹೆಸರು ಕೇಳಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಕೆಲವು ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿಯ ಪಾಠದ ರೀತಿ ನೋಡಿ ಬಂದು, ಯುನಿಸೆಫ್ ನೆರವಿನಿಂದ ಶುರು ಮಾಡಿದ್ದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಬೆಂಚಿಲ್ಲ, ಸಾಲಿಲ್ಲ. ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಒಂದು ಗುಂಪಿಗೆ ಟೀಚರ ಪೂರ್ತಿ ನೆರವು, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದು ತಾನೇ ಕಲಿಯುವುದು. ಪಾಠವೆಲ್ಲ ಕಾರ್ಡುಗಳಲ್ಲಿ, ಒಂದೊಂದು ಕಾರ್ಡಿನ ಮೇಲೂ ಪ್ರಾಣಿ, ಪಕ್ಷಿ ಏನಾದರೊಂದು ಚಿತ್ರ. ಗೋಡೆಯ ಮೇಲಿನ ಕಲಿಕೆಯ ಏಣಿಯಲ್ಲಿ ತನ್ನ ಮೆಟ್ಟಿಲು ನೋಡಿಕೊಂಡು ಮಗು ತನ್ನ ಕಾರ್ಡು ತಾನೇ ತೆಗೆದುಕೊಳ್ಳಬೇಕು. ತಲೆಯ ಮೇಲೆ ಹಗ್ಗದ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರಗಳು. ಗೋಡೆಯ ಕೆಳಭಾಗಕ್ಕೆ ಸುತ್ತಲೂ ಕಪ್ಪು ಬಣ್ಣ, ಅದು ಅವರ ಹಲಗೆ. ಜ್ವರ ಬಂದು ವಾರ ತಪ್ಪಿಸಿದ ಮಗು ಬಿಟ್ಟಲ್ಲಿಂದ ಮುಂದುವರಿಯಬಹುದು ಎಂಬುದು ಇದರ ತಿರುಳು. ನನ್ನ ನಮೂನೆಯಲ್ಲಿ ಮಾತ್ರ ‘ಶಿಸ್ತು: ವಿದ್ಯಾರ್ಥಿಗಳು ಸಾಲಾಗಿ ಕುಳಿತಿರುವರೇ?’ ಎಂದಿತ್ತು. ಸೊನ್ನೆ ಹಾಕಿದೆ.

ಸೊನ್ನೆ ಹಾಕಿ ಗುಂಪೊಂದರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತೆ. ಎರಡು ಜಡೆಯ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಜ್ಜಾ, ನಿನ್ ಕಾರ್ಡ್ ಎಲ್ಲೈತಿ?” ಎಂದಳು. ಗುರುತಿನ ಚೀಟಿ ಕೇಳುವುದು ಶಿಸ್ತಿನ ಲಕ್ಷಣ, ಹಾಕಿದ್ದ ಸೊನ್ನೆ ತಿದ್ದಬೇಕು ಅಂದುಕೊಂಡು ಆಧಾರ್ ಕಾರ್ಡ್ ತೆಗೆದು ಕೊಟ್ಟೆ. ಅವಳು ತಿರುಗಿಸಿ ಮುರುಗಿಸಿ ನೋಡಿ, ಫೋಟೊದ ಮೇಲೆ ಬೆರಳಿಟ್ಟು ಕೇಳಿದಳು, “ಇದ್ಯಾವ ಪ್ರಾಣಿ?”

ಗುಂಪಿನಲ್ಲಿ ಚರ್ಚೆಯಾಯಿತು. ಕರಡಿ ಎಂಬ ಪಕ್ಷಕ್ಕೆ ಬಹುಮತ ಬಂತು. ಏಣಿಯಲ್ಲಿ ಕರಡಿಯ ಮೆಟ್ಟಿಲು ಹುಡುಕಲು ಒಬ್ಬ ಎದ್ದು ಹೋದ. ಟೀಚರು ನಗು ತಡೆಯಲು ಹಾಜರಿ ಪುಸ್ತಕವನ್ನು ಮುಖದ ಮಟ್ಟಕ್ಕೆ ಹಿಡಿದಿದ್ದರು. ನಾನು ಘನತೆಯಿಂದ ಎದ್ದು ಹೊರಗೆ ಹೋಗಬೇಕೆಂದುಕೊಂಡೆ, ಮಂಡಿ ಒಪ್ಪಲಿಲ್ಲ. ಇಬ್ಬರು ಕೈ ಹಿಡಿದು ಎಳೆದರು, ಒಬ್ಬ ಬೆನ್ನಿಗೆ ತಲೆ ಕೊಟ್ಟು ನೂಕಿದ. ಗೆಳೆಯರ ನೆರವಿನ ಗುಂಪು ಎಂದರೆ ಏನೆಂದು ನನಗೆ ಚೆನ್ನಾಗಿ ಅರ್ಥವಾಯಿತು.

ಅಷ್ಟರಲ್ಲಿ ಹೆಡ್ಮಾಸ್ಟರು ಬಂದರು. ನನ್ನ ಫೈಲು ನೋಡಿ ಕೈಮುಗಿದರು. ಕೋಣೆಗೆ ಕರೆದೊಯ್ದು ಚಹಾ, ಬಿಸ್ಕೀಟು ತರಿಸಿದರು. ಇಲಾಖೆಯಿಂದ ಬಂದವನೆಂದು ತಿಳಿದಿದ್ದಾರೆ ಎಂಬುದು ನನಗೆ ಹೊಳೆಯಿತು. ಅಲ್ಲ ಎಂದು ಹೇಳಬಹುದಿತ್ತು, ಆದರೆ ಬಾಯಲ್ಲಿ ಬಿಸ್ಕೀಟಿತ್ತು. ಒಂದೊಂದೇ ರಿಜಿಸ್ಟರ್ ಟೇಬಲ್ಲಿಗೆ ಬಂತು. ದಾಖಲಾತಿ, ಹಾಜರಾತಿ, ಬಿಸಿಯೂಟ, ಅಕ್ಕಿ ದಾಸ್ತಾನು, ಮೊಟ್ಟೆ-ಬಾಳೆಹಣ್ಣು, ಹಾಲಿನ ಪುಡಿ. ಮಗುವಿಗೆ 18 ಗ್ರಾಂ ಪುಡಿಯ ಲೆಕ್ಕದಲ್ಲಿ 150 ಮಿಲಿ ಹಾಲು. ದಾಸ್ತಾನು ಇಳಿದದ್ದೂ ಹಾಜರಾತಿಯೂ ಗ್ರಾಂ ಗ್ರಾಂ ಹೊಂದುತ್ತಿತ್ತು. ಸರ್ವಿಸ್‌ನಲ್ಲಿ ನಾನು ಕಂಡ ಎಷ್ಟೋ ಬ್ರಾಂಚುಗಳ ಕ್ಯಾಶ್ ಹೀಗೆ ಹೊಂದುತ್ತಿರಲಿಲ್ಲ. ಮನಸ್ಸು ತುಂಬಿ ಬಂದು, “ಮಕ್ಕಳು ಓದ್ತಾವೇನ್ರಿ?” ಎಂದು ಕೇಳುವುದು ಕಡೆಗಷ್ಟೇ ನೆನಪಾಯಿತು.

“ಎಲ್ಲಾ ಅಪ್‌ಲೋಡ್ ಆಗೈತಿ ಸರ್.”

“ಅದಲ್ಲ, ಓದು...”

“ಎಸ್‌ಎಟಿಎಸ್ ಪೋರ್ಟಲ್‌ನಾಗೂ ಆಗೈತಿ ಸರ್. ನಿನ್ನೆ ರಾತ್ರಿ ಹನ್ನೊಂದಕ್ಕ ಸರ್ವರ್ ಸಿಕ್ತು.” ಅವರ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. ಹಾಲು ಅಳೆಯುವುದು, ಮೊಟ್ಟೆ ಎಣಿಸುವುದು, ಮೊಬೈಲಿನಲ್ಲಿ ಅದನ್ನೆಲ್ಲ ಏರಿಸುವುದು, ನಡುವೆ ಬಿಡುವಾದರೆ ಪಾಠ. ನನ್ನಂಥ ಇನ್ನೊಬ್ಬ ಅಳೆಯುವವನು ಬಂದು ಕೂತರೆ ಅವರು ಬೇರೆ ಏನು ಹೇಳಿಯಾರು? ಸಂಕೋಚವಾಗಿ ನಿಜ ಹೇಳಿಬಿಟ್ಟೆ. ನಾನು ಇಲಾಖೆಯವನಲ್ಲ, ಇದೇ ಓಣಿಯವನು, ಬ್ಯಾಂಕಿನಲ್ಲಿದ್ದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಅರಳಿತು. “ಬ್ಯಾಂಕಾ? ದೇವ್ರು ಕಳಿಸಿದಂಗಾತು ಬಿಡ್ರಿ!” ಎಂದು ಇನ್ನೊಂದು ಕಟ್ಟು ತೆಗೆದರು. ಮಕ್ಕಳ ವಿದ್ಯಾರ್ಥಿವೇತನ ಬರಬೇಕಾದರೆ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು, ಪಾಸ್‌ಬುಕ್‌ನಲ್ಲಿ ಮೂರನೆಯದು. ಬೀಗ ಬೀಳುವ ತನಕ ನಾನು ಆ ಪಾಸ್‌ಬುಕ್ಕುಗಳ ಜೊತೆ ಕೂತೆ. ನಡುವೆ ಮಕ್ಕಳ ಜೊತೆ ಬಿಸಿಯೂಟವೂ ಆಯಿತು. ಸಾರು ಚೆನ್ನಾಗಿತ್ತು, ಅದಕ್ಕೆ ನಮೂನೆಯಲ್ಲಿ ಜಾಗ ಇರಲಿಲ್ಲ. ಮೌಲ್ಯಮಾಪನದ ಫೈಲನ್ನು ಯಾರೋ ಅನ್ನದ ಪಾತ್ರೆಯ ಕೆಳಗೆ ಮಸಿ ಹತ್ತದಿರಲಿ ಎಂದು ಇಟ್ಟಿದ್ದರು.

ಕುರುಗೋಡಿಗೆ ಹೋಗುವಾಗ ಪಾಠ ಕಲಿತಿದ್ದೆ. ಶಾಲೆಗೆ ಹೋಗುವುದೇ ಬೇಡ, ಅಸರ್‌ನವರ ಹಾಗೆ ಮನೆಯ ಕಟ್ಟೆಯ ಮೇಲೆ ಮಗುವನ್ನು ಕೂರಿಸಿಕೊಂಡು ಓದಿಸಬೇಕು. ಅವರ ಕ್ರಮ ನಿಜಕ್ಕೂ ಚೆಂದ. ಮೊದಲು ಒಂದನೇ ತರಗತಿಯ ಮಟ್ಟದ ನಾಲ್ಕು ಸಾಲಿನ ಒಂದು ಪ್ಯಾರಾ ಕೊಡುತ್ತಾರೆ. ಸರಾಗ ಓದಿದರೆ ಎರಡನೇ ತರಗತಿ ಮಟ್ಟದ ಕಥೆ. ತಡವರಿಸಿದರೆ ಬಿಡಿ ಪದಗಳು: ಐದರಲ್ಲಿ ನಾಲ್ಕು ಸರಿ ಬಂದರೆ ಸಾಕು. ಅದೂ ಆಗದಿದ್ದರೆ ಅಕ್ಷರ. ಲೆಕ್ಕಕ್ಕೆ ದಶಕ ಎರವಲು ತೆಗೆದುಕೊಳ್ಳುವ ಕಳೆಯುವುದು, ಆಮೇಲೆ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಒಂದು ಸಲಕ್ಕೆ ಒಂದೇ ಮಗು, ಪಕ್ಕದಲ್ಲಿ ಯಾರೂ ಹೇಳಿಕೊಡಬಾರದು. ತಂದೆತಾಯಿ ಮನೆಯಲ್ಲೇ ಮಾಡಿ ನೋಡಬಹುದಾದಷ್ಟು ಸರಳ. ಸರಳವಾದದ್ದನ್ನು ಸರಳವಾಗಿ ಬಿಡುವುದು ನಮ್ಮ ವಿಭಾಗದ ಪದ್ಧತಿಯಲ್ಲ. ಪ್ಯಾರಾ ನಾನೇ ರಚಿಸಿದೆ, ಕೈಯಾರೆ ಬರೆದೆ.

ದೊಡ್ಡಬಸವೇಶ್ವರ ಗುಡಿಯ ಕಡೆಗೆ ಹೋಗುವ ಓಣಿಯಲ್ಲೊಂದು ಕಟ್ಟೆ. ಒಂದು ಮಗು ಕರೆದರೆ ಓಣಿಗೆ ಓಣಿಯೇ ಬಂತು. ಅಜ್ಜಿಯರೂ ಬಂದರು. ನಾಲ್ಕನೇ ತರಗತಿಯ ಹುಡುಗ ನನ್ನ ಹಾಳೆ ಹಿಡಿದು ಕಣ್ಣು ಕಿರಿದು ಮಾಡಿ ತಡವರಿಸಿದ. “ಸ... ಸದ... ಸದರಿ...”

“ಓದಪ್ಪ, ಹೆದರಬ್ಯಾಡ.”

“ಸದರಿ ಗ್ರಾಮದ ವ್ಯಾಪ್ತಿಯಲ್ಲಿ ಒಂದು ಕೆರೆ ಇರುತ್ತದೆ. ಮೇಲ್ಕಂಡ ಕೆರೆಯಲ್ಲಿ...” ನಿಲ್ಲಿಸಿ ತಲೆಯೆತ್ತಿದ. “ಸದರಿ ಅಂದ್ರ ಯಾರು? ಮೀನಾ?”

ಅಜ್ಜಿಯರು ನಕ್ಕರು. ಮುಂದಿನ ಸಾಲು ಓದು ಎಂದೆ. ಬರುತ್ತಿಲ್ಲ ಎಂದ. ಈ ಸಣ್ಣ ಸಾಲೂ ಓದಲು ಬರುವುದಿಲ್ಲವಲ್ಲ ಎಂದು ಓದು ಕಾಲಂನಲ್ಲಿ ನಾಲ್ಕು ಅಂಕ ಕತ್ತರಿಸಿದೆ. ತಂಗಿ ಹಿಂದಿನಿಂದ ಹಾಳೆ ಕಸಿದುಕೊಂಡು, “ಅಣ್ಣಾ, ನೀನ ಓದು ನೋಡೋಣ” ಎಂದಳು. ಕನ್ನಡಕ ಹಾಕಿಕೊಂಡೆ, ತೆಗೆದೆ, ಹಾಳೆಯನ್ನು ಬೆಳಕಿಗೆ ಹಿಡಿದೆ. ‘ಮೀನುಗಳು ವಾಸವಾಗಿರುತ್ತವೆ’ ಇರಬಹುದು ಎಂದು ನನ್ನ ಊಹೆ. ‘ಮನುಷ್ಯರು ವಾಂತಿ’ ಎಂದೂ ಓದಬಹುದಿತ್ತು. ಕತ್ತರಿಸಿದ ನಾಲ್ಕು ಅಂಕ ವಾಪಸ್ ಕೊಟ್ಟೆ. ತಂಗಿ ಒಳಗಿನಿಂದ ತನ್ನ ಮೊಮ್ಮಗನ ಕಥೆ ಪುಸ್ತಕ ತಂದುಕೊಟ್ಟಳು. ಹುಡುಗ ಅದನ್ನು ಒಂದೇ ಉಸಿರಿಗೆ ಓದಿ, ಮುಂದಿನ ಪುಟವನ್ನೂ ಓದಿ, ಪುಸ್ತಕ ಮನೆಗೆ ಒಯ್ಯಲೇ ಎಂದು ಕೇಳಿದ. ಅವನ ಓರಗೆಯವನೇ ಇನ್ನೊಬ್ಬ, ಅದೇ ಬೆಂಚಿನವನು, ಅದೇ ಪುಸ್ತಕದಲ್ಲಿ ಪದದಿಂದ ಪದಕ್ಕೆ ಬೆರಳಿಟ್ಟು ಬೆವರಿದ. ಇಬ್ಬರ ಪ್ರಗತಿಪತ್ರದಲ್ಲೂ ಕನ್ನಡಕ್ಕೆ ಎ. ಒಂದು ಶಾಲೆ ಹೇಗಿದೆ ಎಂದು ಕೇಳಿದರೆ ಈ ಇಬ್ಬರಲ್ಲಿ ಯಾರ ಶಾಲೆ ಎಂದು ಮೊದಲು ಕೇಳಬೇಕಾಗುತ್ತದೆ. ಇದನ್ನು ನಮೂನೆಯಲ್ಲಿ ಎಲ್ಲಿ ಬರೆಯುವುದೆಂದು ತಿಳಿಯದೆ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.

ಆಮೇಲೆ ಭಾಗಾಕಾರ. 512ನ್ನು 7ರಿಂದ. ನನ್ನ ಉತ್ತರದ ಹಾಳೆಯಲ್ಲಿ 73. ಹುಡುಗ ಕಟ್ಟೆಯ ಮೇಲೆ ಇದ್ದಿಲಿನಿಂದ ಬರೆದು, “ಎಪ್ಪತ್ಮೂರು, ಒಂದು ಉಳೀತು” ಎಂದ. “ಎಪ್ಪತ್ಮೂರು ಸರಿ, ಒಂದು ತಪ್ಪು” ಎಂದೆ. ಅವನು ನನ್ನನ್ನೂ ಹಾಳೆಯನ್ನೂ ನೋಡಿ, “ಮತ್ತ ಆ ಒಂದನ್ನ ಯಾರು ತಗೊಂಡ್ರು?” ಎಂದ. ಬ್ಯಾಂಕಿನವನನ್ನು ಕೇಳಬಾರದ ಪ್ರಶ್ನೆ ಅದು. ಓಣಿಯ ಅಜ್ಜಿಯರೆಲ್ಲ ನನ್ನ ಕಿಸೆಯ ಕಡೆ ನೋಡಿದರು.

ಸಿರುಗುಪ್ಪಕ್ಕೆ ಹೋದಾಗ ಕಾಲುವೆಗೆ ನೀರು ಬಿಟ್ಟಾಗಿತ್ತು. ಭತ್ತದ ನಾಟಿ ಕಾಲ. ತೆಕ್ಕಲಕೋಟೆ ದಾಟುತ್ತಲೇ ಬಸ್ಸಿನ ಎರಡೂ ಕಡೆ ಕೆಸರುಗದ್ದೆ, ಬಗ್ಗಿದ ಬೆನ್ನುಗಳು. ಬಾವಮೈದ ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ನಾನು ಬಂದ ಉದ್ದೇಶ ಕೇಳಿ, “ಬಾವಾ, ಊಟ ಮಾಡಿ ಮಲಗ್ರಿ” ಎಂದ. ಕೇಳಲಿಲ್ಲ. ಊರಾಚೆಯ ಒಂದು ಶಾಲೆಯಲ್ಲಿ ಎಣಿಸಿದರೆ ಅರ್ಧಕ್ಕರ್ಧ ಮಕ್ಕಳಿಲ್ಲ. ಹಾಜರಾತಿ ಹತ್ತಕ್ಕೆ ಐದು ಎಂದು ಬರೆಯುವಾಗ ಮೇಷ್ಟ್ರು ಪಕ್ಕ ಬಂದು ನಿಂತರು. “ನಾಟಿ ದಿನ ಬಂದ್ರ ಅರ್ಧ ಶಾಲಿ. ಮೊಟ್ಟಿ ಕೊಡೋ ದಿನ ಬಂದ್ರ ಪೂರ್ತಿ ಶಾಲಿ. ನಿಮಗ ಯಾವ ಶಾಲಿ ಬೇಕ್ರಿ?” ಐದನ್ನು ಹೊಡೆದು ಏಳೂವರೆ ಮಾಡಿದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ಕಾಗದದಲ್ಲಿ ಅನುಪಾತ ಸರಿಯಾಗೇ ಇತ್ತು. ಕಾಗದದಲ್ಲಿದ್ದ ಶಿಕ್ಷಕರಲ್ಲಿ ಒಬ್ಬರು ತರಬೇತಿಯಲ್ಲಿ, ಒಬ್ಬರು ಮತದಾರರ ಪಟ್ಟಿಯ ಕೆಲಸದಲ್ಲಿ. ಮಕ್ಕಳು ಗದ್ದೆಯಲ್ಲಿ. ಎರಡೂ ಕಡೆ ಕಡಿಮೆಯಾದ್ದರಿಂದ ಅನುಪಾತ ಕೆಡಲಿಲ್ಲ, ಹತ್ತಕ್ಕೆ ಹತ್ತು.

ಮಧ್ಯಾಹ್ನ ಗದ್ದೆಯ ಬದುವಿನ ಗುಡಿಸಲಿನಲ್ಲಿ ಒಂದು ಹುಡುಗಿ ಸಿಕ್ಕಳು. ತಮ್ಮನನ್ನು ಆಡಿಸುತ್ತ ಕೂತಿದ್ದಳು, ಪಕ್ಕದಲ್ಲಿ ಅಜ್ಜಿ. ಐದನೇ ತರಗತಿಯಂತೆ. ಕನ್ನಡದ ಕಥೆ ಕೊಟ್ಟೆ, ಓದಿದಳು. ಎಲ್ಲೋ ಒಂದೆರಡು ಒತ್ತಕ್ಷರ ಜಾರಿದವು. ಅಜ್ಜಿಗೆ ಕನ್ನಡ ಬಾರದು. ಅವರ ಮನೆಮಾತು ತೆಲುಗು. ಹುಡುಗಿ ಪುಸ್ತಕ ಮುಚ್ಚಿ ಆ ಕಥೆಯನ್ನೇ ಅಜ್ಜಿಗೆ ತೆಲುಗಿನಲ್ಲಿ ಹೇಳಿದಳು. ನರಿಯ ದನಿ ಬೇರೆ, ಕಾಗೆಯ ದನಿ ಬೇರೆ. ಪುಸ್ತಕದಲ್ಲಿಲ್ಲದ ಒಂದು ಬೈಗುಳವನ್ನೂ ನರಿಯ ಬಾಯಿಗೆ ಹಾಕಿದಳು. 1953ರ ಅಕ್ಟೋಬರ್ 1ರಂದು ಈ ಜಿಲ್ಲೆಯನ್ನು ಹಂಚುವಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರದ ಕಡೆಗೆ, ಸಿರುಗುಪ್ಪ, ಬಳ್ಳಾರಿ ಈ ಕಡೆಗೆ ಎಂದು ದೊಡ್ಡವರು ಎಷ್ಟು ಜಗಳವಾಡಿ ಗೆರೆ ಎಳೆದರು. ಇವಳು ಒಂದು ಕಥೆ ಹಿಡಿದು ಆ ಗೆರೆಯನ್ನು ಊಟದ ಹೊತ್ತಿಗೆ ಮೊದಲೇ ದಾಟಿ ಬಂದಳು. ನಮೂನೆ ತಿರುವಿದೆ. ಗಂಟೆಯ ನಾದಕ್ಕೆ ಅರ್ಧ ಅಂಕ ಇತ್ತು. ಇದಕ್ಕೆ ಏನೂ ಇರಲಿಲ್ಲ.

ಅಜ್ಜಿ ಕೇಳಿದಳು, “ಏಮಂಟುನ್ನಾಡೇ ಆ ತಾತ?” ಆ ಅಜ್ಜ ಏನಂತಾನೆ ಎಂದು.

“ಮನ ಬಡಿಕಿ ಮಾರ್ಕುಲು ಇಸ್ತಾಡಂಟ” ಎಂದಳು ಹುಡುಗಿ. ನಮ್ಮ ಶಾಲೆಗೆ ಮಾರ್ಕ್ಸ್ ಕೊಡ್ತಾನಂತೆ ಎಂದು.

ಅಜ್ಜಿ ನನ್ನ ಕೆಸರಾದ ಪ್ಯಾಂಟು, ಕಿತ್ತ ಚಪ್ಪಲಿ, ಬಿಸಿಲಿಗೆ ಬಾಡಿದ ಮುಖ ಎಲ್ಲ ನೋಡಿ, “ಈಯನಕೆವರಿಚ್ಚಿರಿ ಮಾರ್ಕುಲು?” ಎಂದಳು. ಇವನಿಗೆ ಮಾರ್ಕ್ಸ್ ಕೊಟ್ಟವರು ಯಾರು ಎಂದು. ಬಳ್ಳಾರಿಯವನಿಗೆ ತೆಲುಗು ಬರುವುದಿಲ್ಲ ಎಂದು ಆಕೆ ಹೇಗೆ ತಿಳಿದಳೋ. ನಾನೂ ಬಾರದವನ ಹಾಗೆಯೇ ಮುಗುಳ್ನಕ್ಕು ಎದ್ದೆ.

ಅಂತೂ ವರದಿ ಸಿದ್ಧವಾಯಿತು. ಡಿಟಿಪಿ, ಸ್ಪೈರಲ್ ಬೈಂಡಿಂಗ್, ಮೇಲೆ ಪಾರದರ್ಶಕ ಹಾಳೆ. ಬಿಸಿಲಿಳಿದ ಮೇಲೆ ಓಣಿಯ ಹನುಮಪ್ಪನ ಗುಡಿ ಕಟ್ಟೆಯಲ್ಲಿ ಪೋಷಕರನ್ನು ಸೇರಿಸಿದೆ. ಪೀಠಿಕೆ, ವಿಧಾನ, ಮಿತಿಗಳು, ಕುರುಗೋಡು-ಸಿರುಗುಪ್ಪದ ತೌಲನಿಕ ಕೋಷ್ಟಕ, ಎಲ್ಲ ಓದಿದೆ. ಕೋಷ್ಟಕದ ಹೊತ್ತಿಗೆ ಸೊಳ್ಳೆ ಶುರುವಾಯಿತು.

“ಒಟ್ಟು ಎಷ್ಟು ಬಂತು ಸಾರ್?” ಎಂದ ಆಟೋದವನು.

“ನೂರಕ್ಕೆ ಅರವತ್ತೊಂದೂವರೆ. ಬಿ ಪ್ಲಸ್. ಆದರೆ ಇದರ ಅರ್ಥ ಏನಂದ್ರೆ...”

“ಮೂವತ್ತೈದು ದಾಟೈತಲ್ಲ, ಪಾಸು!” ಎಂದು ಅವನು ಎದ್ದ. ಅವನ ಹಿಂದೆ ಅರ್ಧ ಸಭೆ ಎದ್ದಿತು. ಅವನ ಮಗ ಅದೇ ಶಾಲೆಗೆ ಮೊದಲ ವಾರದಿಂದಲೇ ಹೋಗುತ್ತಿದ್ದಾನೆ ಎಂಬುದು ಆಗ ತಿಳಿಯಿತು. ನಾನು ಊರೂರು ತಿರುಗುತ್ತಿದ್ದಾಗ ಎಲ್ಲರೂ ಸೇರಿಸಿಯೂ ಆಗಿತ್ತು. ಕೆಲವರು ಸರ್ಕಾರಿ ಶಾಲೆಗೆ, ಕೆಲವರು ವ್ಯಾನಿಗೆ. ಯಾರೂ ವರದಿಗೆ ಕಾದಿರಲಿಲ್ಲ.

ಜೀನ್ಸ್ ಹೊಲಿಯುವ ಹೆಣ್ಣುಮಗಳು ಒಬ್ಬಳು ಮಾತ್ರ ವರದಿ ಕೈಗೆ ತೆಗೆದುಕೊಂಡು ಹಿಂದಿನಿಂದ ಮುಂದಕ್ಕೆ ತಿರುವಿದಳು. ಹೊಲಿಗೆಯ ಒಳಮಗ್ಗುಲು ನೋಡಿ ರೂಢಿಯಾದ ಕಣ್ಣು. “ಸಾರ್, ನಾಕನೇ ಕ್ಲಾಸಿನ ಮೇಡಂ ಟ್ರಾನ್ಸ್‌ಫರ್ ಆಗಿ ಹೋದ್ರಲ್ಲ. ಅವ್ರ ಜಾಗಕ್ಕ ಯಾರಾದ್ರೂ ಬಂದಾರಾ? ಅದು ಇದರಾಗ ಎಲ್ಲೈತಿ?”

ಅದರಾಗ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅದನ್ನೇ ಕೇಳಲು ಶಾಲೆಗೆ ಹೋದೆ, ಈ ಸಲ ಫೈಲಿಲ್ಲದೆ. ಹೆಡ್ಮಾಸ್ಟರು ಗೇಟಿನಲ್ಲೇ ಸಿಕ್ಕರು. “ಅತಿಥಿ ಶಿಕ್ಷಕರು ಸೋಮವಾರ ಬರ್ತಾರ ಸರ್. ಅಲ್ಲೀತನಕ ನಾಕನೇದು ಖಾಲಿ. ನೀವು ಹೆಂಗೂ ಬಂದೀರಿ” ಎಂದು ಚಾಕ್‌ಪೀಸು ಕೈಗಿಟ್ಟು, ಉತ್ತರಕ್ಕೂ ಕಾಯದೆ ಮೊಟ್ಟೆಯ ಗಾಡಿಯ ಕಡೆ ಓಡಿದರು.

ಮಕ್ಕಳು ಎದ್ದು ನಿಂತು ರಾಗವಾಗಿ ನಮಸ್ಕಾರ ಹೇಳಿದರು. ಏನು ಕಲಿಸಲಿ? ಬೋರ್ಡಿನ ಮೇಲೆ ದೊಡ್ಡದಾಗಿ 512 ಬರೆದು ಏಳರಿಂದ ಭಾಗಿಸಿದೆ. 73 ಬರೆದೆ. ಕುರುಗೋಡಿನ ಹುಡುಗನನ್ನು ನೆನೆದು, ‘ಶೇಷ 1’ ಎಂದು ಕೆಳಗೆ ಬರೆದು, ಎರಡು ಗೆರೆ ಎಳೆದು, ಕೈಯ ಧೂಳು ಕೊಡವಿಕೊಂಡು ತಿರುಗಿದೆ. ಕಿಟಕಿ ಪಕ್ಕ ಮಿರ್ಚಿ ಬಂಡಿಯವರ ಮಗಳು ಕೈ ಎತ್ತಿದ್ದಳು.

“ಸಾರ್, ತಾಳೆ ನೋಡಿದ್ರಾ?”

ಸರ್ವಿಸ್‌ ಉದ್ದಕ್ಕೂ ಕ್ಯಾಷಿಯರುಗಳನ್ನು ನಡುಗಿಸಿದ್ದೇ ನನ್ನ ಈ ಪ್ರಶ್ನೆ. ಮತ್ತೆ ಬೋರ್ಡಿನ ಕಡೆ ತಿರುಗಿ ಎಪ್ಪತ್ಮೂರನ್ನು ಏಳರಿಂದ ಗುಣಿಸತೊಡಗಿದೆ. ಏಳ್ಮೂರ್ಲ ಇಪ್ಪತ್ತೊಂದು, ಒಂದು ಬರೆದೆ. “ಕೈಯಾಗ ಎರಡು!” ಎಂದು ಇಡೀ ಕ್ಲಾಸು ಕೂಗಿತು, ನಾನು ಎಲ್ಲಿ ಮರೆಯುತ್ತೇನೋ ಎಂದು.